ಓದು ಮುಚ್ಚಿಡುವುದು ಬೇಡ
ವೃತ್ತಿ ಬದಲಿಸಿ, ತಮ್ಮ ಓದಿಗಿಂತ ಚಿಕ್ಕ ಕೆಲಸಕ್ಕೆ ಅರ್ಜಿ ಹಾಕುವವರಿಗೆ "ದೊಡ್ಡ ಡಿಗ್ರಿಯನ್ನು ರೆಸ್ಯೂಮೆಯಿಂದ ತೆಗೆದುಬಿಡಿ" ಎಂದು ಒಂದು ಲೇಖನ ಸಲಹೆ ಕೊಟ್ಟಿತ್ತು. ಅದು ನನಗೆ ಒಪ್ಪಿಗೆಯಾಗಲಿಲ್ಲ. ಮಧ್ಯದ ವರ್ಷಗಳು ಖಾಲಿ ಕಂಡರೆ ಅನುಮಾನ ಇನ್ನೂ ಜಾಸ್ತಿ ಆಗುತ್ತದೆ, ಅಲ್ವಾ?

"ಈ ಕೆಲಸಕ್ಕೆ ನಿಮ್ಮ ಅರ್ಹತೆ ಹೆಚ್ಚಾಯಿತು" ಎನ್ನುವ ಕಂಪನಿಯವರಿಗೆ ಇರುವ ಭಯವೇ ಬೇರೆ. ಇವರು ಬೇಗ ಬಿಟ್ಟು ಹೋದರೆ? ಸಂಬಳ ಸಾಲದು ಅಂದರೆ? ವಯಸ್ಸಿನಲ್ಲಿ ಚಿಕ್ಕವರಾದ ಮ್ಯಾನೇಜರ್ ಮಾತು ಕೇಳದಿದ್ದರೆ? ಸಂಬಳ ಎಷ್ಟೆಂದು ನೋಡಿಯೇ ಅರ್ಜಿ ಹಾಕಿದ್ದೇನೆ ಎಂದು ನೇರವಾಗಿ ಹೇಳಿ. ಹಳೆಯ ವೃತ್ತಿಯನ್ನು ಮಾತ್ರ ದೂರಬೇಡಿ. ಅಲ್ಲಿ ಕಲಿತದ್ದು ಇಲ್ಲಿ ಹೇಗೆ ಉಪಯೋಗಕ್ಕೆ ಬರುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡಿ. ವಕೀಲಿಕೆ ಬಿಟ್ಟು ಗ್ರಾಹಕ ಸೇವೆಗೆ ಬರುವವರು, ಸಿಟ್ಟಿನಲ್ಲಿರುವವರ ಮಾತಿನಿಂದ ಅಸಲು ವಿಷಯ ಹೆಕ್ಕುವುದು ನನಗೆ ಅಭ್ಯಾಸ ಎನ್ನಬಹುದು. "ಯಾವ ಕೆಲಸವಾದರೂ ಸರಿ" ಎಂದು ಸುಮ್ನೆ ಕೂಡ ಹೇಳಬೇಡಿ, ಬೇಗ ಬಿಟ್ಟು ಹೋಗುತ್ತೀರಿ ಎಂಬ ಮೊದಲ ಭಯ ಅಲ್ಲೇ ಗಟ್ಟಿಯಾಗುತ್ತದೆ.