ತುಕ್ಕಿಗೂ ಒಂದು ಪಾಲು

ಉಡುಪಿ ಸೀಮೆಯ ಕಡಲ ತಡಿಯಲ್ಲಿ ಮನೆ ಮಾಡಿದವರು ಕಬ್ಬಿಣದ ಸಾಮಾನಿನ ಬೆಲೆಯನ್ನು ಅಂಗಡಿಯಲ್ಲೇ ಕೊಟ್ಟು ಮುಗಿಸುವಂತಿಲ್ಲ. ಪ್ರತಿ ಮಳೆಗಾಲದಲ್ಲೂ ತುಕ್ಕಿನ ಪಾಲನ್ನು ಬೇರೆಯಾಗಿ ಸಲ್ಲಿಸಬೇಕು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ, ಗಾಳಿಯಲ್ಲೇ ಉಪ್ಪು ಬೆರೆತಿರುವ ಈ ಊರಿನಲ್ಲಿ ಕೊಡೆಯ ಕಡ್ಡಿಯಿಂದ ಹಿಡಿದು ಬಿಳಿ ಅಂಗಿಯಲ್ಲಿ ಮರೆತುಹೋದ ಪಿನ್ನಿನವರೆಗೆ ಎಲ್ಲವೂ ಮಳೆಗಾಲದ ಆಟಿ ತಿಂಗಳು ಕಳೆಯುವುದರೊಳಗೆ ಕಂದು ಬಣ್ಣಕ್ಕೆ ತಿರುಗಿರುತ್ತವೆ.

ಕಬ್ಬಿಣ ತುಕ್ಕು ಹಿಡಿಯಲು ನೀರೂ ಬೇಕು, ಆಮ್ಲಜನಕವೂ ಬೇಕು. ಲೋಹವು ಒಂದು ಕಡೆ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಕರಗುತ್ತದೆ, ಮತ್ತೊಂದು ಕಡೆ ಆಮ್ಲಜನಕ ಅವನ್ನು ಪಡೆದುಕೊಳ್ಳುತ್ತದೆ. ಉಪ್ಪು ದಲ್ಲಾಳಿಯಂತೆ ನಡುವೆ ನಿಂತು ವ್ಯವಹಾರವನ್ನು ಚುರುಕುಗೊಳಿಸುತ್ತದೆ. ಹೀಗೆ ಹುಟ್ಟಿದ ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದಲೇ ಹಿತ್ತಿಲ ಬಾಗಿಲಿನ ಬೀಗ ಬಿಗಿದುಕೊಂಡು, ಕೀಲಿಕೈ ಒಳಗೇ ಮುರಿಯುವುದು.

ಇಷ್ಟನ್ನೂ ಬಲ್ಲ ನಮ್ಮ ಭಾವನವರು, ಗೇಟಿಗೆ ಬಣ್ಣ ಬಳಿಯುವಾಗ ಮಾತ್ರ, “ಉಜ್ಜುವುದೆಲ್ಲ ಯಾಕೆ ಮಾರಾಯ್ರೆ, ದಪ್ಪ ಹಾಕಿದರೆ ಸಾಕು” ಎಂದು ಹಳೆಯ ತುಕ್ಕಿನ ಮೇಲೆಯೇ ಎರಡು ಕೈ ಹಸಿರು ಎಣ್ಣೆಬಣ್ಣ ಹೊಡೆದರು. ಬಣ್ಣದಲ್ಲಿ ಒಂದು ಸಣ್ಣ ಗೀರು ಬಿದ್ದರೂ ಉಪ್ಪುನೀರು ಒಳಗೆ ಹರಿಯುತ್ತದೆ. ವಿಚಿತ್ರವೆಂದರೆ, ಆಮ್ಲಜನಕ ಕಡಿಮೆಯಿರುವ ಆ ಮರೆಯ ಜಾಗದಲ್ಲೇ ಕಬ್ಬಿಣ ಹೆಚ್ಚು ಸವೆಯುತ್ತದೆ. ಅಷ್ಟಮಿಯ ಹೊತ್ತಿಗೆ ಹಸಿರು ಬಣ್ಣ ಅಲ್ಲಲ್ಲಿ ಉಬ್ಬಿತು. ಒಂದು ಬೆಳಿಗ್ಗೆ ಮೀನಿನ ಬುಟ್ಟಿ ಹೊತ್ತು ಬಂದ ಅಕ್ಕ ಗೇಟನ್ನು ಮೆಲ್ಲಗೆ ದೂಡಿದಾಗ, ಕೆಳಗಿನ ಕೊಂಡಿ ಕಂಬದಲ್ಲೇ ಉಳಿದು ಗೇಟು ಅವರ ಕೈಗೆ ಬಂತು. ಬೂತಾಯಿ ಅಂಗಳದ ಪಾಲಾಯಿತು, ಅದರಲ್ಲಿ ಅರ್ಧ ಬೆಕ್ಕಿನ ಪಾಲಾಯಿತು.

ತಂತಿ ಬ್ರಷ್ಷಿನಿಂದ ಉಜ್ಜಿ, ರೆಡ್ ಆಕ್ಸೈಡ್ ಹಚ್ಚಿ, ಅದು ಒಣಗಿದ ಮೇಲೆ ಬಣ್ಣ ಬಳಿಯುವುದು ಇದಕ್ಕಿರುವ ಸರಿಯಾದ ಕ್ರಮ. ಮನೆಯಲ್ಲಿ ಈ ವಿದ್ಯೆ ಒಲಿದಿರುವುದು ಅತ್ತೆಯವರೊಬ್ಬರಿಗೇ ಎಂದು ನನ್ನ ಅಭಿಪ್ರಾಯ; ಅವರ ದೋಸೆ ಕಾವಲಿಯ ಮೇಲೆ ಕಾದು ಗಟ್ಟಿಯಾದ ಎಣ್ಣೆಯ ಪದರವಿರುವುದರಿಂದ ತುಕ್ಕು ಇಂದಿಗೂ ಅದರ ಹತ್ತಿರ ಸುಳಿದಿಲ್ಲ.

ಭಾವನವರು ಸೋಲಲಿಲ್ಲ. ಸುಮಾರು 1,600 ವರ್ಷಗಳಿಂದ ಬಯಲಿನಲ್ಲಿ ನಿಂತಿರುವ ದೆಹಲಿಯ ಕಂಬವನ್ನು ಅದರೊಳಗಿನ ರಂಜಕವೇ ಕಾಪಾಡಿದೆಯೆಂದು ವೆಲ್ಡರನಿಗೆ ವಿವರಿಸಿ, ಅಂಥದೇ ಕಬ್ಬಿಣವನ್ನು ಕೇಳಿದರು. ಆತ ತಾಳ್ಮೆಯಿಂದ ಆಲಿಸಿ ಜಿಐ ಪೈಪಿನ ರೇಟು ಹೇಳಿದ. ಅದರ ಮೇಲಿನ ಸತುವು ತಾನು ಮೊದಲು ಸವೆದು ಕಬ್ಬಿಣವನ್ನು ಉಳಿಸುತ್ತದೆ, ಆದರೆ ವೆಲ್ಡಿಂಗ್ ಮಾಡಿದಲ್ಲಿ ಸುಟ್ಟುಹೋಗುತ್ತದೆ ಎಂದೂ ಎಚ್ಚರಿಸಿದ. “ಅಲ್ಲಿಗೆ ಉಜ್ಜಿ ಜಿಂಕ್ ಪೇಂಟ್ ಕೊಡಬೇಕು,” ಎಂದವನು ಭಾವನವರನ್ನೊಮ್ಮೆ ನೋಡಿ ಸೇರಿಸಿದ: “ಅದನ್ನು ನಾನೇ ಮಾಡಿ ಕೊಡ್ತೇನೆ.”