ಬ್ರೆಮೆನ್‌ಗೆ ಹೊರಟ ಕತ್ತೆ

ಜರ್ಮನಿಯ ಗ್ರಿಮ್ ಸೋದರರು 1819ರಲ್ಲಿ ತಮ್ಮ ಜನಪದ ಕತೆಗಳ ಸಂಗ್ರಹಕ್ಕೆ ಸೇರಿಸಿದ ಬ್ರೆಮೆನ್ ಸಂಗೀತಗಾರರ ಕತೆಯಲ್ಲಿ ಯಾರೂ ಬ್ರೆಮೆನ್ ನಗರ ಮುಟ್ಟುವುದಿಲ್ಲ. ಮುದಿಯಾದ ಕತ್ತೆ ಯಜಮಾನನ ಮನೆ ಬಿಟ್ಟು, ಬ್ರೆಮೆನ್‌ನಲ್ಲಿ ವಾದ್ಯ ನುಡಿಸಿ ಬದುಕೋಣ ಎಂದು ಹೊರಡುತ್ತದೆ. ದಾರಿಯಲ್ಲಿ ನಾಯಿ, ಬೆಕ್ಕು, ಹುಂಜ ಜೊತೆಗೂಡುತ್ತವೆ. ಕಾಡಿನಲ್ಲಿ ಕಳ್ಳರ ಮನೆ ಸಿಗುತ್ತದೆ. ಒಂದರ ಮೇಲೊಂದು ನಿಂತು ಅರಚಿ ಕಳ್ಳರನ್ನು ಓಡಿಸಿದ ಮೇಲೆ ಅಲ್ಲೇ ಊಟ, ಅಲ್ಲೇ ನಿದ್ದೆ, ಅಲ್ಲೇ ಬಿಡಾರ.

ಇದೇ ಕತ್ತೆಯ ಗೊಂಬೆಗೆ ಬಿಲ್ಲೆ ಕಟ್ಟಿ, ‘ನನ್ನನ್ನು ಬ್ರೆಮೆನ್‌ಗೆ ತಲುಪಿಸಿ’ ಎಂದು ಜಿಯೋಕ್ಯಾಶಿಂಗ್ ಡಬ್ಬಿಯೊಳಗೆ ಇಟ್ಟು ಬರುವವರಿದ್ದಾರೆ. ಯಾರೋ ಅಡಗಿಸಿಟ್ಟ ಡಬ್ಬಿಗಳನ್ನು ಜಿಪಿಎಸ್ ಹಿಡಿದು ಹುಡುಕುವ ಆಟವೇ ಜಿಯೋಕ್ಯಾಶಿಂಗ್. ಅಮೆರಿಕ ತನ್ನ ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಸುಕು ಮಾಡುವುದನ್ನು 2000ದ ಮೇ 2ರಂದು ನಿಲ್ಲಿಸಿತು. ಮರುದಿನವೇ ಒರೆಗಾನ್‌ನಲ್ಲೊಬ್ಬರು ಬಕೆಟ್ಟೊಂದನ್ನು ಅಡಗಿಸಿಟ್ಟು ಅದರ ಅಕ್ಷಾಂಶ, ರೇಖಾಂಶ ಸಾರಿದರು. ಆಟ ಹುಟ್ಟಿದ್ದು ಹಾಗೆ. ಡಬ್ಬಿಯಿಂದ ಡಬ್ಬಿಗೆ ದಾಟುವ ವಸ್ತುವಿಗೆ ಟ್ರ್ಯಾಕಬಲ್ ಎನ್ನುತ್ತಾರೆ. ಬಿಲ್ಲೆ ಕಟ್ಟಿದ್ದಾದರೆ ಟ್ರಾವೆಲ್ ಬಗ್, ಚಿಕ್ಕದಾಗಿ ಟಿಬಿ. ವಿಮಾನ ನಿಲ್ದಾಣ, ಹೆದ್ದಾರಿಗಳ ಬಳಿ ಇಂಥವು ತಂಗಲೆಂದೇ ಇಟ್ಟ ದೊಡ್ಡ ಡಬ್ಬಿಗೆ ಟಿಬಿ ಹೋಟೆಲ್ ಎಂದು ಹೆಸರು. ನಮ್ಮೂರುಗಳಲ್ಲಿ ಟಿಬಿ ಎಂದರೆ ಪ್ರವಾಸಿ ಮಂದಿರ. ಅರ್ಥ ಅಷ್ಟೇನೂ ದೂರ ಹೋಗಿಲ್ಲ.

ಕೊಂಡಾಗ ಒಂದೇ ಸಂಖ್ಯೆಯ ಎರಡು ಲೋಹದ ಬಿಲ್ಲೆಗಳು, ಒಂದು ಮಣಿಸರಪಳಿ ಸಿಗುತ್ತವೆ. ಒಂದು ಬಿಲ್ಲೆ ಕತ್ತೆಗೆ, ಇನ್ನೊಂದು ಮನೆಯ ಡ್ರಾಯರಿಗೆ. ಆ ಮಣಿಸರಪಳಿಯನ್ನು ನಂಬಬಾರದು; ಕೊಂಡಿ ಸಡಿಲವಾದರೆ ಕತ್ತೆ ಒಂದು ಕಡೆ, ಬಿಲ್ಲೆ ಒಂದು ಕಡೆ. ಕೀಲಿಕೈಗೆ ಹಾಕುವ ಎರಡು ಸುತ್ತಿನ ಉಕ್ಕಿನ ಬಳೆ ವಾಸಿ. ಬಟ್ಟೆಯ ಗೊಂಬೆ ಮುದ್ದಾಗಿರುತ್ತದೆ, ಆದರೆ ಮುಚ್ಚಳ ಸರಿಯಿಲ್ಲದ ಡಬ್ಬಿಯಲ್ಲಿ ಒಂದು ಮಳೆಗಾಲ ಕಳೆದರೆ ಬೂಷ್ಟು ಹಿಡಿದು, ಯಾರೂ ಕೈಯಲ್ಲಿ ಮುಟ್ಟದಂತಾಗುತ್ತದೆ. ಐದಾರು ಸೆಂಟಿಮೀಟರ್ ಮೀರದ ರಬ್ಬರ್ ಕತ್ತೆಯೇ ಸರಿ. ಅದಕ್ಕಿಂತ ದೊಡ್ಡದಾದರೆ ಸಣ್ಣ ಡಬ್ಬಿಗಳಲ್ಲಿ ಹಿಡಿಸುವುದಿಲ್ಲ. ಹಳೆಯ ಫಿಲ್ಮ್ ರೋಲಿನ ಡಬ್ಬಿಯಷ್ಟಿರುವ ಮೈಕ್ರೋಗಳಲ್ಲಂತೂ ಇದಕ್ಕೂ ಜಾಗವಿಲ್ಲ. ಜೊತೆಗೆ, ಎಲ್ಲಿಗೆ ಹೋಗಬೇಕೆಂದು ಜರ್ಮನ್, ಇಂಗ್ಲಿಷ್ ಎರಡರಲ್ಲೂ ಬರೆದ ಲ್ಯಾಮಿನೇಟ್ ಚೀಟಿ ಇರಲೇಬೇಕು. ಗುರಿಯನ್ನು ಆಟದ ಜಾಲತಾಣದಲ್ಲಿ ಮಾತ್ರ ಬರೆದಿಟ್ಟರೆ, ಡಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕೂತವನು ಅದನ್ನು ತೆರೆದು ಓದುವುದಿಲ್ಲ.

ಆಮೇಲೆ ಆ ಜಾಲತಾಣದಲ್ಲಿ, ಎಲ್ಲೆಲ್ಲಿ ಹೋಯಿತೆಂದು ದಾಖಲಾಗುವ ಕತ್ತೆಯ ಪುಟವನ್ನು ನೋಡುತ್ತಾ ಕೂರುವುದು. ಅಲ್ಲಿ ಕಾಣುವುದು ಕತ್ತೆಯಲ್ಲ, ಅದನ್ನು ಹೊತ್ತವರ ಸ್ವಭಾವ. ಗ್ರಿಮ್ ಸೋದರರು ಬಾಳಿದ ಕಾಸೆಲ್‌ನಿಂದ ಬ್ರೆಮೆನ್ ಸುಮಾರು 200 ಕಿ.ಮೀ. ಆದರೆ ಎತ್ತಿಕೊಂಡವರು ರಜೆಗೆ ಸ್ಪೇನಿನ ಮಯೋರ್ಕಾ ದ್ವೀಪಕ್ಕೆ ಹೊರಟವರಾದರೆ ಕತ್ತೆ ದಕ್ಷಿಣಕ್ಕೆ 1,400 ಕಿ.ಮೀ. ಹಾರಿ ಕಡಲ ತೀರದಲ್ಲಿ ಇಳಿಯುತ್ತದೆ. ಇನ್ನೊಬ್ಬರು ಕತ್ತೆಯನ್ನು ಚೀಲದಲ್ಲೇ ಇಟ್ಟುಕೊಂಡು ದಿನಕ್ಕೆ ಇಪ್ಪತ್ತು ಡಬ್ಬಿಗಳಲ್ಲಿ ‘ವಿಸಿಟ್’ (ಇಲ್ಲಿಗೂ ಬಂದಿತ್ತು) ಒತ್ತುತ್ತಾರೆ. ಪುಟ ಲೆಕ್ಕ ಹಾಕುವುದು ಡಬ್ಬಿಯಿಂದ ಡಬ್ಬಿಗೆ ಎಳೆದ ನೇರ ಗೆರೆಯನ್ನು. ಹಾಗಾಗಿ ಒಂದೇ ಊರು ಸುತ್ತಿದರೂ ಕಿಲೋಮೀಟರು ಏರುತ್ತಲೇ ಇರುತ್ತದೆ, ಗಾಣದೆತ್ತಿನ ಹಾಗೆ. ಮತ್ತೊಬ್ಬರು ಡಬ್ಬಿಗೆ ಹಾಕಿ ‘ಡ್ರಾಪ್’ (ಇಲ್ಲಿ ಬಿಟ್ಟೆ) ಒತ್ತುವುದನ್ನು ಮರೆಯುತ್ತಾರೆ. ಕತ್ತೆ ಕಾಡಿನಲ್ಲಿ, ಲೆಕ್ಕ ಅವರ ಹೆಸರಿನಲ್ಲಿ. ಮುಂದೆ ಸಿಕ್ಕವರು ‘ಗ್ರ್ಯಾಬ್’ (ಎತ್ತಿಕೊಂಡೆ) ಒತ್ತಿ ಸರಿಪಡಿಸಬೇಕು.

ಎಲ್ಲಕ್ಕಿಂತ ಕಿರಿಕಿರಿ ಫೋಟೋದ್ದು. ಪುಟದ ಮೇಲೆ ಕಾಣುವ, ಟಿಬಿ ಎಂದು ಶುರುವಾಗುವ ಸಂಖ್ಯೆ ಎಲ್ಲರಿಗೂ ಗೊತ್ತಿರಬಹುದು. ಬಿಲ್ಲೆಯ ಮೇಲಿನ ಸಂಕೇತ ಮಾತ್ರ ಗುಟ್ಟು; ಅದು ಗೊತ್ತಿದ್ದವರಷ್ಟೇ ಪುಟದಲ್ಲಿ ದಾಖಲಿಸಬಹುದು. ಅದೇ ಕತ್ತೆಯ ಹಗ್ಗ. ಯಾರಾದರೂ ಬಿಲ್ಲೆ ಕಾಣುವಂತೆ ಚಿತ್ರ ಹಾಕಿದರೋ, ಕತ್ತೆಯ ಬಾಲವನ್ನೂ ಕಾಣದವರು ‘ಡಿಸ್ಕವರ್’ (ಕಂಡೆ) ಒತ್ತಿ ಹೋಗುತ್ತಾರೆ.

ಕೈಗೆ ಬಂದದ್ದನ್ನು ಎರಡು ವಾರದೊಳಗೆ ಮುಂದೆ ಸಾಗಿಸುವುದು ರೂಢಿಯ ಮರ್ಯಾದೆ. ಆದರೂ ಒಂದು ದಿನ ಪುಟ ಮೌನವಾಗುತ್ತದೆ. ಬಹುತೇಕ ಇದು ಕಳ್ಳತನವಲ್ಲ, ಆಲಸ್ಯ. ಮನೆಗೆ ತಂದವನಿಗೆ ಆಟವೇ ಬೇಸರವಾಗಿರುತ್ತದೆ, ಇಲ್ಲವೇ ಮಗು ಗೊಂಬೆ ಬಿಡುವುದಿಲ್ಲ. ಕತ್ತೆ ಯಾವುದೋ ಬೆಚ್ಚಗಿನ ಡ್ರಾಯರಿನಲ್ಲಿ ಬಿಡಾರ ಹೂಡಿರುತ್ತದೆ. ಕತೆಗೆ ನಿಷ್ಠವಾಗಿಯೇ ಇದೆ ಎಂದು ಸಮಾಧಾನ ಮಾಡಿಕೊಳ್ಳಬೇಕು. ಹಿಡಿದಿಟ್ಟವರಿಗೆ ಮೃದುವಾಗಿ ಒಂದು ಸಂದೇಶ ಕಳಿಸಬಹುದು. ಗದರಿದರೆ ಉತ್ತರ ಬರುವುದಿಲ್ಲ. ಕೆಲವು ತಿಂಗಳು ಕಾದರೂ ಸುದ್ದಿಯಿಲ್ಲವೆಂದರೆ, ಕಾಣೆಯಾಗಿದೆ ಎಂದು ಗುರುತು ಹಾಕಿ, ಮನೆಯಲ್ಲಿಟ್ಟ ಎರಡನೇ ಬಿಲ್ಲೆಯನ್ನು ಹೊಸ ಕತ್ತೆಗೆ ಕಟ್ಟಿ, ಅದೇ ಪುಟದಲ್ಲಿ ಮತ್ತೆ ಹೊರಡಿಸಬಹುದು. ಹಳೆಯದು ಎಂದಾದರೂ ಡ್ರಾಯರಿನಿಂದ ಎದ್ದು ಬಂದರೆ ಒಂದೇ ಸಂಖ್ಯೆಯ ಎರಡು ಕತ್ತೆಗಳು ಯುರೋಪಿನಲ್ಲಿ ಅಲೆಯುತ್ತವೆ, ಗೆರೆಗಳು ಅತ್ತಿತ್ತ ಜಿಗಿಯುತ್ತವೆ.

ನಿಜಕ್ಕೂ ಬ್ರೆಮೆನ್ ಮುಟ್ಟಿದರೆ, ಪುರಭವನದ ಪಕ್ಕದಲ್ಲಿ ಗೆರ್ಹಾರ್ಡ್ ಮಾರ್ಕ್ಸ್ ಮಾಡಿದ ಕಂಚಿನ ನಾಲ್ವರು 1953ರಿಂದ ನಿಂತಿದ್ದಾರೆ. ಮುಟ್ಟಿ ಮುಟ್ಟಿ ಕತ್ತೆಯ ಮುಂಗಾಲು ಹೊಳೆಯುತ್ತದೆ. ಎರಡೂ ಕೈಯಲ್ಲಿ ಎರಡೂ ಕಾಲು ಹಿಡಿದು ಬೇಡಿಕೊಳ್ಳಬೇಕು. ಒಂದೇ ಕೈಯಲ್ಲಿ ಹಿಡಿದರೆ ಕತ್ತೆಗೆ ಕತ್ತೆ ಕೈಕುಲುಕಿದಂತೆ ಎನ್ನುವುದು ಆ ಊರಿನವರ ಹಾಸ್ಯ. ಅಂದರೆ ರಬ್ಬರ್ ಕತ್ತೆಯನ್ನು ಹಿಡಿಯಲು ಮೂರನೇ ಕೈ ಬೇಕು. ಪಕ್ಕದವರ ಕೈಗೆ ಕೊಟ್ಟು ಚಿತ್ರ ತೆಗೆಯಿರಿ, ಬಿಲ್ಲೆಯ ಸಂಖ್ಯೆ ಅಂಗೈಯೊಳಗೆ ಮರೆಯಾಗಿರಲಿ.