ಮೊದಲ ಲ್ಯಾಕ್ಟೇಟ್‌ಗಿಂತ ಎರಡನೆಯದು ಮುಖ್ಯ

ರಾತ್ರಿ ಪಾಳಿಯೊಂದರಲ್ಲಿ, ಸೆಪ್ಸಿಸ್‌ನಿಂದ (ಸೋಂಕಿಗೆ ದೇಹ ಕೊಡುವ ವಿಪರೀತ ಪ್ರತಿಕ್ರಿಯೆಯಿಂದ ಅಂಗಾಂಗಗಳೇ ಸೋಲುವ ಸ್ಥಿತಿ) ಐಸಿಯು ಸೇರಿದ್ದ ತಾಯಿಯ ವರದಿಯನ್ನು ಹಿಡಿದು ನಿಂತಿದ್ದ ಮಗಳು, ಅದರಲ್ಲಿದ್ದ 6.1 ಎಂಬ ಅಂಕಿಯ ಮೇಲೆ ಬೆರಳಿಟ್ಟು, "ಡಾಕ್ಟರೇ, ಲ್ಯಾಕ್ಟೇಟ್ ಇಷ್ಟಿದ್ದರೆ ಅಮ್ಮ ಉಳಿಯುವುದಿಲ್ಲವಂತೆ, ಹೌದೇ?" ಎಂದು ಕೇಳಿದರು. ಯಾರೋ ಅವರಿಗೆ ಹಾಗೆ ಹೇಳಿಬಿಟ್ಟಿದ್ದರು. ಲ್ಯಾಕ್ಟೇಟ್ ಎಂದರೆ ಜೀವಕೋಶಗಳು ಗ್ಲೂಕೋಸನ್ನು ವಿಭಜಿಸುವಾಗ ಹುಟ್ಟುವ, ರಕ್ತದಲ್ಲಿ ಅಳೆಯುವ ವಸ್ತು; ಲ್ಯಾಕ್ಟಿಕ್ ಆಮ್ಲದ್ದೇ ಒಂದು ರೂಪ. ಅಂದು ನಿಂತ ನಿಲುವಿನಲ್ಲಿ ನಾನು ಕೊಟ್ಟ ಉತ್ತರ ಸಾಲದೆಂದು ಅನ್ನಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಆ ಭಯ ಆಧಾರವಿಲ್ಲದ್ದಲ್ಲ. 1843ರಲ್ಲೇ ಜರ್ಮನ್ ವೈದ್ಯ ಜೊಹಾನ್ ಜೋಸೆಫ್ ಶೆರರ್ ಬಾಣಂತಿ ನಂಜಿನಿಂದ ತೀರಿಕೊಂಡ ಹೆಂಗಸರ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲವನ್ನು ಗುರುತಿಸಿದ್ದರು. 2016ರ ಸೆಪ್ಸಿಸ್-3 ವ್ಯಾಖ್ಯಾನದ ಪ್ರಕಾರ, ಸಾಕಷ್ಟು ದ್ರವ ಕೊಟ್ಟ ಮೇಲೂ ಸರಾಸರಿ ರಕ್ತದೊತ್ತಡವನ್ನು 65ರಲ್ಲಿ ನಿಲ್ಲಿಸಲು ರಕ್ತನಾಳ ಬಿಗಿಗೊಳಿಸುವ ಔಷಧಿ ಬೇಕಾಗಿ, ಜೊತೆಗೆ ಲ್ಯಾಕ್ಟೇಟ್ ಲೀಟರಿಗೆ 2 ಮಿಲಿಮೋಲ್ ಮೀರಿದ್ದರೆ ಅದು ಸೆಪ್ಟಿಕ್ ಶಾಕ್. ಅಂಥವರಲ್ಲಿ ಆಸ್ಪತ್ರೆಯಲ್ಲೇ ಸಾಯುವವರು ನೂರಕ್ಕೆ 40ಕ್ಕೂ ಹೆಚ್ಚು. ಆದರೆ ಇದು ನೂರಾರು ಜನರ ಗುಂಪಿನ ಲೆಕ್ಕ. ಈ ಹಾಸಿಗೆಯಲ್ಲಿ ಮಲಗಿರುವ ಒಬ್ಬರು ಆ ಲೆಕ್ಕದ ಯಾವ ಕಡೆಗೆ ಸೇರುತ್ತಾರೆಂಬುದನ್ನು ಮೊದಲ ಚೀಟಿ ಹೇಳಲಾರದು.

ಇದಕ್ಕೆ ಕಾರಣ ಲ್ಯಾಕ್ಟೇಟ್ ಹುಟ್ಟುವ ಬಗೆಯಲ್ಲೇ ಇದೆ. ಜೀವಕೋಶಗಳಿಗೆ ಆಮ್ಲಜನಕ ಸಾಲದೆ ಹೋದಾಗ ಅದು ಏರುತ್ತದೆಂದು ನಾವೆಲ್ಲ ಓದಿದ್ದೇವೆ. ಅದು ನಿಜ, ಆದರೆ ಸೆಪ್ಸಿಸ್‌ನಲ್ಲಿ ದೇಹ ತಾನೇ ಸುರಿಸುವ ಅಡ್ರಿನಲಿನ್ ಸ್ನಾಯುಗಳಲ್ಲಿ ಗ್ಲೂಕೋಸಿನ ವಿಭಜನೆಯನ್ನು ಚುರುಕುಗೊಳಿಸುವುದರಿಂದ, ಆಮ್ಲಜನಕ ಧಾರಾಳವಾಗಿದ್ದಾಗಲೂ ಲ್ಯಾಕ್ಟೇಟ್ ಹೆಚ್ಚುತ್ತದೆ. ನಾವೇ ಔಷಧಿಯಾಗಿ ಹನಿಸುವ ಅಡ್ರಿನಲಿನ್ ಕೂಡ ಅದನ್ನೇ ಮಾಡುತ್ತದೆ. ಅದನ್ನು ರಕ್ತದಿಂದ ತೆಗೆಯುವ ದೊಡ್ಡ ಕೆಲಸ ಯಕೃತ್ತಿನದು; ಯಕೃತ್ತು ಸೋತಿದ್ದರೆ ಉತ್ಪತ್ತಿ ಹೆಚ್ಚದಿದ್ದರೂ ಅಂಕಿ ಮೇಲೆಯೇ ಉಳಿಯುತ್ತದೆ. ಥಯಮಿನ್ (ವಿಟಮಿನ್ ಬಿ1) ಕೊರತೆ, ಈಗಷ್ಟೇ ಬಂದು ಹೋದ ಫಿಟ್ಸ್, ಉಬ್ಬಸಕ್ಕೆ ಕೊಟ್ಟ ಸಾಲ್ಬುಟಮಾಲ್, ಇವೆಲ್ಲವೂ ಒಂದೇ ಅಂಕಿಯಲ್ಲಿ ಬಂದು ಸೇರುತ್ತವೆ.

ಹಾಗಾಗಿ ನಾನು ಮೊದಲ ಅಂಕಿಗಿಂತ ಎರಡನೆಯದನ್ನು ಹೆಚ್ಚು ನಂಬುತ್ತೇನೆ. ಆಂಟಿಬಯಾಟಿಕ್, ದ್ರವ, ಔಷಧಿಗಳನ್ನು ಶುರುಮಾಡಿದ ಎರಡು ಗಂಟೆಯ ಮೇಲೆ 6.1 ಎಂಬುದು 4.4ಕ್ಕೆ ಬಂದರೆ, ಅದು ಮೊದಲಿನಿಂದಲೂ 4ರಲ್ಲೇ ಅಲುಗದೆ ನಿಂತಿರುವ ರೋಗಿಗಿಂತ ಒಳ್ಳೆಯ ಸುದ್ದಿ. ಎರಡನೆಯ ಮಾದರಿಯನ್ನು ಮರೆಯುವುದು ನಮ್ಮ ಕೆಲಸದ ದೊಡ್ಡ ಲೋಪವೆಂದೇ ನನ್ನ ಅಭಿಪ್ರಾಯ.

ಮಾದರಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಹಿಂದೊಮ್ಮೆ ಲ್ಯಾಕ್ಟೇಟ್ ಏಕಾಏಕಿ ಏರಿದ್ದನ್ನು ಕಂಡು ನಾನು ಇನ್ನೊಂದು ಬಾಟಲಿ ದ್ರವ ಬರೆದಿದ್ದೆ. ಆಮೇಲೆ ವಿಚಾರಿಸಿದರೆ, ರಕ್ತ ತೆಗೆದ ಸಿರಿಂಜು ಲ್ಯಾಕ್ಟೇಟ್ ಅಳೆಯುವ ಯಂತ್ರದ ಪಕ್ಕದಲ್ಲಿ ಮಂಜುಗಡ್ಡೆಯಿಲ್ಲದೆ ಮುಕ್ಕಾಲು ಗಂಟೆ ಬಿದ್ದಿತ್ತು. ಕೆಂಪು ರಕ್ತಕಣಗಳು ಸಿರಿಂಜಿನೊಳಗೂ ಗ್ಲೂಕೋಸನ್ನು ಬಳಸಿ ಲ್ಯಾಕ್ಟೇಟ್ ಉತ್ಪಾದಿಸುತ್ತಲೇ ಇರುತ್ತವೆ. ಹೊಸ ಮಾದರಿಯಲ್ಲಿ ಅಂಕಿ ಇಳಿದಿತ್ತು, ಆದರೆ ಆ ಬೇಡದ ದ್ರವ ಆಗಲೇ ರೋಗಿಯ ದೇಹ ಸೇರಿತ್ತು. ಅಂದಿನಿಂದ ಸಿರಿಂಜನ್ನು ಯಂತ್ರಕ್ಕೆ ಹಾಕುವವರೆಗೂ ನಾನು ಕಣ್ಣಿಟ್ಟಿರುತ್ತೇನೆ.

ಅಂಕಿಯೊಂದನ್ನೇ ಇಳಿಸಲು ಹೊರಡುವುದು ಅಪಾಯವೆಂಬ ನನ್ನ ಅನಿಸಿಕೆಗೆ 2019ರಲ್ಲಿ ಪ್ರಕಟವಾದ ಆಂಡ್ರೊಮಿಡಾ-ಶಾಕ್ ಅಧ್ಯಯನ ಬಲ ಕೊಟ್ಟಿತು. ದಕ್ಷಿಣ ಅಮೆರಿಕದ ಐದು ದೇಶಗಳ 424 ಸೆಪ್ಟಿಕ್ ಶಾಕ್ ರೋಗಿಗಳಲ್ಲಿ ಒಂದು ಗುಂಪಿನವರಿಗೆ ಲ್ಯಾಕ್ಟೇಟ್ ನೋಡಿ, ಇನ್ನೊಂದು ಗುಂಪಿನವರಿಗೆ ಬೆರಳ ತುದಿಯನ್ನು ಹತ್ತು ಸೆಕೆಂಡು ಒತ್ತಿ ಬಿಟ್ಟಾಗ ರಕ್ತದ ಬಣ್ಣ ಮರಳಲು ಎಷ್ಟು ಹೊತ್ತು ಬೇಕೆಂದು ನೋಡಿ ಚಿಕಿತ್ಸೆ ಕೊಡಲಾಯಿತು. 28ನೇ ದಿನಕ್ಕೆ ಮರಣ ಪ್ರಮಾಣ ಲ್ಯಾಕ್ಟೇಟ್ ಗುಂಪಿನಲ್ಲಿ ನೂರಕ್ಕೆ 43.4, ಬೆರಳು ನೋಡಿದ ಗುಂಪಿನಲ್ಲಿ 34.9. ಸಂಖ್ಯಾಶಾಸ್ತ್ರದ ಅಳತೆಗೆ ಈ ವ್ಯತ್ಯಾಸ ಸ್ವಲ್ಪದರಲ್ಲಿ ಸಾಲದೆ ಹೋಯಿತು, ಆದ್ದರಿಂದ ಬೆರಳೇ ಮೇಲೆಂದು ಯಾರೂ ಘೋಷಿಸಬಾರದು. ಆದರೂ ಖರ್ಚಿಲ್ಲದ ಈ ಪರೀಕ್ಷೆಯನ್ನು ಯಂತ್ರದ ಚೀಟಿಯ ಜೊತೆಗಿಟ್ಟು ಓದದಿರಲು ನನಗೆ ಕಾರಣ ಕಾಣುವುದಿಲ್ಲ.

ಅಂದು ಆ ಮಗಳನ್ನು ಹಾಸಿಗೆಯ ಬಳಿಗೆ ಕರೆದೊಯ್ದು, ಅವರ ತಾಯಿಯ ಬೆರಳನ್ನು ಒತ್ತಿ ತೋರಿಸಿದೆ. ಬಣ್ಣ ಮರಳಲು ಐದು ಸೆಕೆಂಡು ಹಿಡಿಯಿತು. "ಇದು ಮೂರಕ್ಕೆ ಬರಬೇಕು, ಆ ಅಂಕಿಯೂ ಇಳಿಯಬೇಕು. ಎರಡು ಗಂಟೆ ಕಳೆದ ಮೇಲೆ ಮತ್ತೆ ರಕ್ತ ತೆಗೆಯುತ್ತೇವೆ, ಅಲ್ಲಿಯವರೆಗೆ ನಾನು ಏನನ್ನೂ ಖಚಿತವಾಗಿ ಹೇಳಲಾರೆ" ಎಂದೆ. ಅವರು ಗಡಿಯಾರ ನೋಡಿಕೊಂಡು ಹೊರಗಿನ ಬೆಂಚಿನ ಮೇಲೆ ಕುಳಿತರು.